ಕದಲದ ಗೆರೆ: ಸರ್ವರ್ ಕೋಣೆಗೆ ಸೆನ್ಸರ್ ಕೂರಿಸಿದ ಎರಡು ತಿಂಗಳ ದಾಖಲೆ

ಏಪ್ರಿಲ್ 15, 2025, ಮಂಗಳವಾರ

ಕಲಬುರಗಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸರ್ವರ್ ಕೋಣೆಯ ಉಸ್ತುವಾರಿ ನನ್ನದು. ಏಪ್ರಿಲ್ 12 ಎರಡನೆಯ ಶನಿವಾರ, 13 ಭಾನುವಾರ, 14 ಅಂಬೇಡ್ಕರ್ ಜಯಂತಿ, ಹೀಗೆ ಮೂರು ದಿನ ಸಾಲು ರಜೆ ಬಂದಿತ್ತು. ಶುಕ್ರವಾರ ಸಂಜೆ ಬೀಗ ಹಾಕಿದ ಕೋಣೆಯನ್ನು ಇಂದು ಬೆಳಿಗ್ಗೆ ಎಂಟೂವರೆಗೆ ತೆರೆದಾಗ ರೊಟ್ಟಿ ಬೇಯುವ ಒಲೆಯ ಮುಂದೆ ನಿಂತಂತೆ ಬಿಸಿಗಾಳಿ ಮುಖಕ್ಕೆ ಬಡಿಯಿತು. ಎರಡೂ ಎಸಿ ನಿಂತಿದ್ದವು, ಒಂದು ಸರ್ವರ್ ತಾನಾಗಿ ಆರಿಹೋಗಿತ್ತು, ಉಳಿದವುಗಳ ಫ್ಯಾನ್‌ಗಳು ಹಿಟ್ಟಿನ ಗಿರಣಿಯಂತೆ ಕೂಗುತ್ತಿದ್ದವು.

ಆರಿಹೋದ ಸರ್ವರಿನ ಘಟನಾ ದಾಖಲೆಯನ್ನು ತೆಗೆದು ನೋಡಿದೆ. ಒಳಸೇರುವ ಗಾಳಿಯ ಉಷ್ಣತೆ ಎಚ್ಚರಿಕೆಯ ಮಿತಿಯಾದ 42 ಡಿಗ್ರಿಯನ್ನು ದಾಟಿದ್ದು 12ನೆಯ ತಾರೀಖು ರಾತ್ರಿ 9 ಗಂಟೆ 10 ನಿಮಿಷಕ್ಕೆ ಎಂದು ಅದರಲ್ಲಿ ಇತ್ತು. ರಾತ್ರಿ ಪಾಳಿಯ ಕಾವಲುಗಾರ ಕಾಕಾನನ್ನು ಕರೆದು, ಶನಿವಾರ ರಾತ್ರಿ ಎಂಟರಿಂದ ಒಂಬತ್ತರ ನಡುವೆ ಕರೆಂಟು ಹೋಗಿತ್ತೇ ಎಂದು ಕೇಳಿದೆ. "ಇಲ್ರೀ ಸರ್, ಒಂಬತ್ತಕ್ಕ ನಾ ಟಿ.ವಿ. ನೋಡ್ಲಿಕ್ಕತ್ತಿದ್ದೆ. ಕರೆಂಟ್ ಹೋಗಿದ್ದು ನಡುರಾತ್ರಿ ಒಂದರ ಮ್ಯಾಲ" ಎಂದರು. ಯಂತ್ರ ಸುಳ್ಳು ಹೇಳುವುದಿಲ್ಲವೆಂಬ ಠೀವಿಯಲ್ಲಿ ನಾನು ಸ್ವಲ್ಪ ಬಿರುಸಾಗಿಯೇ ವಾದಿಸಿದೆ. ಅರ್ಧ ಗಂಟೆಯ ನಂತರ ಹೊಳೆಯಿತು: ಸರ್ವರಿನ ನಿರ್ವಹಣಾ ಚಿಪ್ಪಿನ ಗಡಿಯಾರವನ್ನು ಯಾರೂ ಭಾರತೀಯ ಕಾಲಮಾನಕ್ಕೆ ಹೊಂದಿಸಿರಲಿಲ್ಲ, ಅದು ಜಾಗತಿಕ ಕಾಲಮಾನದಲ್ಲೇ (ಯುಟಿಸಿ) ನಡೆಯುತ್ತಿತ್ತು. 21:10ಕ್ಕೆ ಐದೂವರೆ ಗಂಟೆ ಸೇರಿಸಿದರೆ 13ರ ನಸುಕಿನ 2:40 ಆಗುತ್ತದೆ. ಕಾಕಾ ಹೇಳಿದ್ದೇ ಸರಿ ಇತ್ತು. ಅವರ ಬಳಿ ಹೋಗಿ ತಪ್ಪೊಪ್ಪಿಕೊಂಡು ಬಂದೆ, ಆಮೇಲೆ ಎಲ್ಲ ಯಂತ್ರಗಳ ಗಡಿಯಾರವನ್ನೂ ಒಂದೇ ಸಮಯ ಸರ್ವರಿಗೆ ಕಟ್ಟಿದೆ. ಈ ಕೆಲಸದಲ್ಲಿ ಮೊದಲು ಮಾಡಬೇಕಾದದ್ದು ಅದೇ.

ನಡೆದದ್ದು ಇಷ್ಟು. ನಸುಕಿನಲ್ಲಿ ಕರೆಂಟು ಹೋಗಿ ಬಂದಿದೆ. ಯುಪಿಎಸ್ ಸರ್ವರ್‌ಗಳನ್ನು ಹಿಡಿದುಕೊಂಡಿದೆ. ಕರೆಂಟು ಮರಳಿದ ಮೇಲೆ ಎಸಿಗಳು ತಾವಾಗಿ ಚಾಲೂ ಆಗಿಲ್ಲ. ಅದನ್ನು ಯಾರಿಗೂ ತಿಳಿಸುವ ಏರ್ಪಾಡು ಕೋಣೆಯಲ್ಲಿ ಇರಲಿಲ್ಲ.

ಏಪ್ರಿಲ್ 19, ಶನಿವಾರ: ಪಟ್ಟಿ

ಕೋಣೆಯಲ್ಲಿ ಇರುವುದು ಎರಡು ಡೆಲ್ ಪವರ್‌ಎಡ್ಜ್ ಆರ್730 ಸರ್ವರ್, ಬಿಡಿಭಾಗಗಳಿಂದ ಜೋಡಿಸಿದ ಐಪಿಎಂಐ (ಯಂತ್ರವನ್ನು ದೂರದಿಂದ ನೋಡಿಕೊಳ್ಳುವ ಕ್ರಮ) ಸೌಲಭ್ಯದ ಒಂದು ಯಂತ್ರ, ಬ್ಯಾಕಪ್‌ಗೆ ಇಟ್ಟಿರುವ ಒಂದು ಹಳೆಯ ಟವರ್, 24 ಪೋರ್ಟಿನ ಎರಡು ನೆಟ್‌ವರ್ಕ್ ಸ್ವಿಚ್, 5 ಕೆವಿಎ ಆನ್‌ಲೈನ್ ಯುಪಿಎಸ್ ಮತ್ತು ಆ ಎರಡು ಸ್ಪ್ಲಿಟ್ ಎಸಿ. ಕಾಗದದ ಮೇಲೆ ಒಂದೊಂದು ಯಂತ್ರದ ಮುಂದೆ ಏನೇನು ಅಳೆಯಬೇಕೆಂದು ಬರೆಯುತ್ತ ಹೋದೆ: ಒಳಗಾಳಿಯ ಉಷ್ಣತೆ, ಪ್ರೊಸೆಸರಿನ ಉಷ್ಣತೆ, ಫ್ಯಾನುಗಳ ವೇಗ, ಎರಡೂ ಪವರ್ ಸಪ್ಲೈ, ಪ್ರತಿ ಡಿಸ್ಕು, ರೇಡ್ (ಹಲವು ಡಿಸ್ಕುಗಳನ್ನು ಒಂದಾಗಿ ಕಟ್ಟುವ ಏರ್ಪಾಡು) ಸ್ಥಿತಿ, ಸ್ವಿಚ್ಚಿನ ಮುಖ್ಯ ಪೋರ್ಟುಗಳು. ಲೆಕ್ಕ 130 ದಾಟಿತು.

ಪಿಆರ್‌ಟಿಜಿ ಎಂಬ ಉಸ್ತುವಾರಿ ತಂತ್ರಾಂಶ ನನಗೆ ಪರಿಚಿತ. ಒಂದು ಅಳತೆಗೆ ಒಂದು ಸೆನ್ಸರ್ ಎಂದು ಲೆಕ್ಕ ಹಿಡಿಯುವ ಅದರ ಕ್ರಮ ಹೊಸಬರಿಗೆ ಬೇಗ ಅರ್ಥವಾಗುತ್ತದೆ, 100 ಸೆನ್ಸರ್‌ವರೆಗೆ ಉಚಿತವೂ ಹೌದು. ಆದರೆ ನಮ್ಮ ಪಟ್ಟಿ ಆ ಮಿತಿಯ ಆಚೆಗಿತ್ತು, ಅದಕ್ಕೆ ವಿಂಡೋಸ್ ಯಂತ್ರವೂ ಬೇಕಿತ್ತು. ಆದ್ದರಿಂದ ಅದೇ ಕೆಲಸ ಮಾಡುವ ಮುಕ್ತ ತಂತ್ರಾಂಶವಾದ ಝ್ಯಾಬಿಕ್ಸ್‌ನ 7.0 ಆವೃತ್ತಿಯನ್ನು ಆರಿಸಿಕೊಂಡೆ. ಡೆಬಿಯನ್ 12 ಹಾಕಿದ ಒಂದು ವರ್ಚುವಲ್ ಯಂತ್ರಕ್ಕೆ 4 ಜಿಬಿ ಮೆಮೊರಿ ಕೊಟ್ಟು, ಆರ್730ಗಳಲ್ಲಿ ಒಂದರ ಮೇಲೆ ಅದನ್ನು ಕೂರಿಸಿದೆ. ಈ ಕೊನೆಯ ವಾಕ್ಯದಲ್ಲಿ ಒಂದು ದೊಡ್ಡ ತಪ್ಪು ಅಡಗಿದೆ. ಅದು ಬಯಲಾಗಲು ಮೂರು ವಾರ ಹಿಡಿಯಿತು.

ಏಪ್ರಿಲ್ 20, ಭಾನುವಾರ: ಎಸ್‌ಎನ್‌ಎಂಪಿ

ಲಿನಕ್ಸ್ ಯಂತ್ರಗಳಲ್ಲಿ, ಯಂತ್ರದ ಸ್ಥಿತಿಯನ್ನು ಜಾಲದ ಮೂಲಕ ಕೇಳಿ ತಿಳಿಯಲು ಬಳಸುವ ಎಸ್‌ಎನ್‌ಎಂಪಿ ಸೇವೆ ಹಾಕಿ, ಝ್ಯಾಬಿಕ್ಸ್‌ನಿಂದ ಕೇಳಿದರೆ ಉತ್ತರವೇ ಬರಲಿಲ್ಲ. ಫೈರ್‌ವಾಲ್‌ನಲ್ಲಿ ಯುಡಿಪಿ 161ನೆಯ ಪೋರ್ಟನ್ನು ತೆರೆದೆ, ಫೈರ್‌ವಾಲನ್ನೇ ಪೂರ್ತಿ ತೆಗೆದೆ, ಸ್ವಿಚ್ಚನ್ನು ಶಂಕಿಸಿದೆ, ಕೇಬಲ್ ಬದಲಿಸಿದೆ. ಒಂದೂವರೆ ಗಂಟೆ ಕಳೆದ ಮೇಲೆ ಸೇವೆಯ ಸಂರಚನಾ ಕಡತವನ್ನು ಮೇಲಿನಿಂದ ಓದಿದಾಗ, ಅದು ಸ್ಥಾಪನೆಯ ಕ್ಷಣದಿಂದಲೇ 127.0.0.1ರಲ್ಲಿ (ಯಂತ್ರ ತನ್ನನ್ನೇ ಕರೆಯುವ ವಿಳಾಸ) ಮಾತ್ರ ಕಿವಿಗೊಟ್ಟು ಕುಳಿತಿದೆಯೆಂದು ತಿಳಿಯಿತು. ಅದನ್ನು ತಿದ್ದಿದ ಮೇಲೆ ಯಂತ್ರದ ಹೆಸರು, ಚಾಲನೆಯ ಅವಧಿ ಮುಂತಾದವು ಮಾತ್ರ ಬಂದವು, ಡಿಸ್ಕು ಮತ್ತು ಮೆಮೊರಿಯ ಲೆಕ್ಕ ಬರಲಿಲ್ಲ. ಅದೇ ಕಡತದಲ್ಲಿ ನೋಟದ ವ್ಯಾಪ್ತಿಯನ್ನೂ ಮೊದಲಿನಿಂದಲೇ ಮೊಟಕಾಗಿಸಿ ಇಡಲಾಗಿರುತ್ತದೆ. ಅದನ್ನು ಅಗಲಿಸಿದಾಗ ಎಲ್ಲವೂ ಬಂದವು. ಭದ್ರತೆಯ ದೃಷ್ಟಿಯಿಂದ ಎರಡೂ ಸರಿಯಾದ ಏರ್ಪಾಡುಗಳೇ. ಓದದೆ ಕೈಹಾಕಿದ್ದು ನನ್ನ ತಪ್ಪು.

ಸ್ವಿಚ್ಚಿನ ವಿಷಯದಲ್ಲಿ ಒಂದೇ ಮಾತು. ಪೋರ್ಟಿನಲ್ಲಿ ಹರಿದ ಬೈಟುಗಳಿಗೆ ಹಳೆಯ 32 ಬಿಟ್ ಎಣಿಕೆಯನ್ನು ಆರಿಸಿಕೊಂಡಿದ್ದೆ. 1 ಗಿಗಾಬಿಟ್ ಪೋರ್ಟು ತುಂಬಿ ಹರಿದರೆ ಆ ಎಣಿಕೆ ಸುಮಾರು 34 ಸೆಕೆಂಡಿಗೇ ಒಂದು ಸುತ್ತು ಮುಗಿಸಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ನಾನು ಕೇಳುತ್ತಿದ್ದದ್ದು ನಿಮಿಷಕ್ಕೊಮ್ಮೆ. ಹೀಗಾಗಿ ರಾತ್ರಿ ಬ್ಯಾಕಪ್ ನಡೆಯುವಾಗ ಪೋರ್ಟಿನಲ್ಲಿ ಹೆಚ್ಚು ಸಂಚಾರವೇ ಇಲ್ಲವೆಂಬಂತೆ ನಕ್ಷೆ ಕಾಣುತ್ತಿತ್ತು. 64 ಬಿಟ್ ಎಣಿಕೆಗೆ ಬದಲಿಸಿದ ಮೇಲೆ ನಿಜವಾದ ಗುಡ್ಡ ಕಾಣಿಸಿತು.

ಏಪ್ರಿಲ್ 22, ಮಂಗಳವಾರ: ನಿರ್ವಹಣಾ ಚಿಪ್ಪುಗಳು

ಸರ್ವರಿನ ಮುಖ್ಯ ವ್ಯವಸ್ಥೆ ಸತ್ತರೂ ಬದುಕಿರುವ ಪುಟ್ಟ ಕಂಪ್ಯೂಟರ್ ಈ ನಿರ್ವಹಣಾ ಚಿಪ್ಪು. ಡೆಲ್ ಯಂತ್ರಗಳಲ್ಲಿ ಅದಕ್ಕೆ ಐಡ್ರ್ಯಾಕ್ ಎನ್ನುತ್ತಾರೆ. ಅದಕ್ಕೆ ಮೀಸಲಾದ ನೆಟ್‌ವರ್ಕ್ ಪೋರ್ಟು ಹಿಂಬದಿಯಲ್ಲಿದೆ, ನಮ್ಮಲ್ಲಿ ಅದಕ್ಕೆ ಇಷ್ಟು ವರ್ಷ ಕೇಬಲ್ಲನ್ನೇ ಚುಚ್ಚಿರಲಿಲ್ಲ. ಮೂರೂ ಯಂತ್ರಗಳ ಆ ಪೋರ್ಟುಗಳಿಗೆ ಪ್ರತ್ಯೇಕ ವಿಲ್ಯಾನ್ (ಅದೇ ಸ್ವಿಚ್ಚಿನಲ್ಲಿ ಬೇರ್ಪಡಿಸಿದ ಜಾಲ) ಮಾಡಿದೆ. ಐಪಿಎಂಐ 2.0ರ ದೃಢೀಕರಣ ಕ್ರಮದಲ್ಲಿ, ಕೇಳಿದವರಿಗೆ ಪಾಸ್‌ವರ್ಡಿನ ಹ್ಯಾಶ್ (ಊಹಿಸಿ ಒಡೆಯಬಹುದಾದ ಗೂಢರೂಪ) ಕೊಟ್ಟುಬಿಡುವ ದೋಷವಿದೆಯೆಂಬುದು 2013ರಿಂದಲೇ ಬಹಿರಂಗವಾಗಿರುವ ಸಂಗತಿ. ವಿದ್ಯಾರ್ಥಿಗಳ ಲ್ಯಾಬು ಇರುವ ಅದೇ ಜಾಲದಲ್ಲಿ ಅದನ್ನು ಬಿಡುವುದೆಂದರೆ ಬೀಗದ ಕೈಯನ್ನು ಹೊಸ್ತಿಲ ಮೇಲೆ ಇಟ್ಟಂತೆ.

ಆರ್730ಗಳನ್ನು ಎಸ್‌ಎನ್‌ಎಂಪಿ ಮೂರನೆಯ ಆವೃತ್ತಿಯಲ್ಲಿ, ದೃಢೀಕರಣ ಮತ್ತು ಗೂಢಲಿಪಿ ಎರಡನ್ನೂ ಚಾಲೂ ಮಾಡಿ ಸೇರಿಸಿದೆ. ಡೆಲ್ ಸಂಸ್ಥೆಯ ಅಳತೆಗಳೆಲ್ಲ 1.3.6.1.4.1.674 ಎಂಬ ಕೊಂಬೆಯ ಕೆಳಗೆ ಸಿಗುತ್ತವೆ. ಸಿದ್ಧ ಟೆಂಪ್ಲೇಟ್ ಹಾಕಿದ್ದರಿಂದ ಹತ್ತು ನಿಮಿಷದಲ್ಲಿ ಫ್ಯಾನು, ಉಷ್ಣತೆ, ಪವರ್ ಸಪ್ಲೈ ಎಲ್ಲವೂ ಸಾಲಾಗಿ ಬಂದವು.

ಜೋಡಿಸಿದ ಯಂತ್ರ ಮಾತ್ರ ಇಡೀ ಮಧ್ಯಾಹ್ನವನ್ನು ತಿಂದಿತು. ಮೊದಲು 26 ಅಕ್ಷರದ ಪಾಸ್‌ವರ್ಡ್ ಕೊಟ್ಟೆ, ಅದು ಒಪ್ಪಲಿಲ್ಲ. ಐಪಿಎಂಐ 2.0ರಲ್ಲಿ ಪಾಸ್‌ವರ್ಡಿಗೆ 20 ಅಕ್ಷರದ ಮಿತಿಯಿದೆ. ಅದನ್ನು ಚಿಕ್ಕದು ಮಾಡಿದ ಮೇಲೆ ಆಜ್ಞಾ ಸಾಲಿನಿಂದ ಕೇಳಿದರೆ ಉತ್ತರ ಬರುತ್ತಿತ್ತು, ಝ್ಯಾಬಿಕ್ಸ್‌ಗೆ ಮಾತ್ರ ಬರುತ್ತಿರಲಿಲ್ಲ. ಕಾರಣ ಸಣ್ಣದು: ಝ್ಯಾಬಿಕ್ಸ್‌ನ ಸಂರಚನೆಯಲ್ಲಿ ಐಪಿಎಂಐ ಕೇಳುವ ಪೋಲರ್‌ಗಳ ಸಂಖ್ಯೆ ಮೊದಲಿಗೆ ಸೊನ್ನೆ ಇರುತ್ತದೆ, ಕೇಳಲು ಯಾರನ್ನೂ ನೇಮಿಸಿಯೇ ಇರುವುದಿಲ್ಲ. ಅದನ್ನು 3 ಮಾಡಿ ಸೇವೆಯನ್ನು ಮರಳಿ ಚಾಲೂ ಮಾಡಿದ ಕೂಡಲೇ ಅಳತೆಗಳು ಬಂದವು.

ಏಪ್ರಿಲ್ 24, ಗುರುವಾರ: ಗೋಡೆಗೆ ಮುಖಮಾಡಿದ ಹಳದಿ ದೀಪ

ಟೆಂಪ್ಲೇಟ್ ಹಾಕಿದ ದಿನದಿಂದ ಎರಡನೆಯ ಆರ್730ರ ಹೆಸರಿನ ಮುಂದೆ "ವರ್ಚುವಲ್ ಡಿಸ್ಕ್ ಡಿಗ್ರೇಡೆಡ್" (ಡಿಸ್ಕುಗಳ ಕೂಟ ಕುಂದಿದೆ) ಎಂಬ ಸಾಲು ಕೆಂಪಾಗಿ ಕುಳಿತಿತ್ತು. ಯಂತ್ರ ಚೆನ್ನಾಗಿ ನಡೆಯುತ್ತಿದೆಯಲ್ಲ, ಟೆಂಪ್ಲೇಟೇ ತಪ್ಪಿರಬೇಕು ಎಂದು ಎರಡು ದಿನ ಅದನ್ನು ಕಡೆಗಣಿಸಿದೆ. ನಮ್ಮ ರ‍್ಯಾಕಿನ ಮುಂಭಾಗ ಗೋಡೆಗೆ ಮುಖಮಾಡಿದೆ, ನಡುವೆ ಇರುವ ಜಾಗ ಒಂದೂವರೆ ಅಡಿ. ಇಂದು ಫೋನಿನ ಕ್ಯಾಮೆರಾವನ್ನು ಆ ಸಂದಿಗೆ ಚಾಚಿ ವಿಡಿಯೊ ತೆಗೆದು ನೋಡಿದರೆ, ನಾಲ್ಕು ಡಿಸ್ಕುಗಳಲ್ಲಿ ಮೂರನೆಯದರ ಹಳದಿ ದೀಪ ಮಿಟುಕುತ್ತಿತ್ತು. ಘಟನಾ ದಾಖಲೆಯ ಪ್ರಕಾರ ಆ ಡಿಸ್ಕು ಸತ್ತದ್ದು ಫೆಬ್ರವರಿ 9ರಂದು. ರೇಡ್ 5ರಲ್ಲಿ ಒಂದು ಡಿಸ್ಕು ಹೋದರೆ ತಡೆಯಬಹುದು, ಇನ್ನೊಂದು ಹೋದರೆ ಎಲ್ಲವೂ ಹೋದಂತೆ. ಅಂದರೆ 74 ದಿನಗಳ ಕಾಲ, ನಡುವೆ ಆ ಬಿಸಿಯ ಮೂರು ದಿನಗಳೂ ಸೇರಿದಂತೆ, ಕಾಲೇಜಿನ ಅಂಕಪಟ್ಟಿಗಳು ಒಂದೇ ಎಳೆಯಲ್ಲಿ ತೂಗಾಡುತ್ತಿದ್ದವು.

ನವೀಕರಿಸಿದ 1.2 ಟೆರಾಬೈಟ್ ಎಸ್‌ಎಎಸ್ ಡಿಸ್ಕಿಗೆ 6,500 ರೂ. ಬಿತ್ತು. ಹೊಸ ಡಿಸ್ಕನ್ನು ಹಾಕುವ ಮೊದಲು ಪೂರ್ತಿ ಬ್ಯಾಕಪ್ ತೆಗೆದುಕೊಂಡೆ, ಏಕೆಂದರೆ ಮರುಜೋಡಣೆಯ ಹೊತ್ತಿನಲ್ಲೇ ಉಳಿದ ಡಿಸ್ಕುಗಳ ಮೇಲೆ ಹೆಚ್ಚು ಭಾರ ಬೀಳುತ್ತದೆ. ರೇಡ್ ಕಾರ್ಡಿನ ಹಿಂದಿರುವ ಡಿಸ್ಕುಗಳ ಆರೋಗ್ಯವನ್ನು ಸ್ಮಾರ್ಟ್ (ಡಿಸ್ಕು ತನ್ನ ಸ್ಥಿತಿಯನ್ನು ತಾನೇ ಅಳೆದು ಹೇಳುವ ಕ್ರಮ) ಸಾಧನದಿಂದ ಕೇಳುವಾಗ, ಮೆಗಾರೇಡ್ ಎಂಬ ಬಗೆ ಮತ್ತು ಡಿಸ್ಕಿನ ಸಂಖ್ಯೆಯನ್ನು ಬಿಡಿಬಿಡಿಯಾಗಿ ಹೇಳದಿದ್ದರೆ ಒಳಗಿನ ಡಿಸ್ಕು ಕಾಣುವುದಿಲ್ಲ. ಟವರ್ ಯಂತ್ರದ ಸಾಟಾ ಡಿಸ್ಕುಗಳಲ್ಲಿ 5 ಮತ್ತು 197ನೆಯ ಗುಣಗಳನ್ನು, ಅಂದರೆ ಸ್ಥಳ ಬದಲಿಸಿದ ಸೆಕ್ಟರುಗಳು ಮತ್ತು ಬದಲಿಗೆ ಕಾದಿರುವ ಸೆಕ್ಟರುಗಳು ಇವೆರಡನ್ನು, ದಿನಕ್ಕೆ ನಾಲ್ಕು ಸಲ ಕೇಳುವಂತೆ ಇಟ್ಟೆ. ಎಸ್‌ಎಎಸ್ ಡಿಸ್ಕುಗಳಲ್ಲಿ ಆ ಸಂಖ್ಯೆಗಳು ಇರುವುದಿಲ್ಲ, ಅಲ್ಲಿ ಬೆಳೆದ ದೋಷಗಳ ಪಟ್ಟಿಯ ಉದ್ದವನ್ನೇ ನೋಡಬೇಕು.

ಏಪ್ರಿಲ್ 26 ಮತ್ತು 27: ಕೋಣೆಯ ಉಷ್ಣತೆ

ಸರ್ವರುಗಳ ಒಳಗಿನ ಸೆನ್ಸರುಗಳು ಸರ್ವರಿನ ಕಥೆಯನ್ನು ಹೇಳುತ್ತವೆ, ಎಸಿಯ ಕಥೆಯನ್ನು ಅವು ತಡವಾಗಿ ಹೇಳುತ್ತವೆ. ಲ್ಯಾಬಿನಲ್ಲಿ ಬಿದ್ದಿದ್ದ ಒಂದು ರಾಸ್ಪ್‌ಬೆರಿ ಪೈ 3 (ಅಂಗೈಯಗಲದ ಪುಟ್ಟ ಕಂಪ್ಯೂಟರ್) ತೆಗೆದುಕೊಂಡು, ನೀರು ತಾಗದಂತೆ ಉಕ್ಕಿನ ಕೊಳವೆಯಲ್ಲಿ ಮುಚ್ಚಿದ ಡಿಎಸ್18ಬಿ20 ಸೆನ್ಸರುಗಳನ್ನು ಒಂದಕ್ಕೆ 120 ರೂ.ನಂತೆ ನಾಲ್ಕು ತಂದೆ. ಕೆಂಪು ತಂತಿ 3.3 ವೋಲ್ಟಿಗೆ, ಕಪ್ಪು ನೆಲಕ್ಕೆ (ಗ್ರೌಂಡ್), ಹಳದಿ ಜಿಪಿಐಒ 4 ಎಂಬ ಪಿನ್ನಿಗೆ. ಹಳದಿ ಮತ್ತು ಕೆಂಪಿನ ನಡುವೆ 4.7 ಕಿಲೊ ಓಮ್ ರೆಸಿಸ್ಟರ್. ನಾಲ್ಕಕ್ಕೂ ಸೇರಿ ಒಂದೇ ರೆಸಿಸ್ಟರ್ ಸಾಕು. ಉಳಿದ ಕ್ಯಾಟ್6 ಕೇಬಲ್ ತುಂಡುಗಳಿಂದ ಉದ್ದ ಮಾಡಿದೆ.

ಈ ಸೆನ್ಸರ್ ಎರಡು ಬಗೆಯ ಸುಳ್ಳು ಹೇಳುತ್ತದೆ, ಎರಡನ್ನೂ ನಾನು ಒಂದೇ ರಾತ್ರಿ ಕಂಡೆ. ಮೊದಲನೆಯದು 85. ವಿದ್ಯುತ್ ಬಂದ ಕೂಡಲೇ, ಅಳತೆ ಮುಗಿಯುವ ಮೊದಲು, ಅದರ ಸ್ಮೃತಿಯಲ್ಲಿ ಇರುವ ಅಂಕಿ 85 ಡಿಗ್ರಿ. ಒಂದು ಅಳತೆಗೆ ಅದಕ್ಕೆ 750 ಮಿಲಿಸೆಕೆಂಡ್ ಬೇಕು. ಕೆಂಪು ತಂತಿಯ ಬೆಸುಗೆ ಸಡಿಲವಾಗಿ ನಡುವೆ ವಿದ್ಯುತ್ ಕಡಿದುಹೋದರೆ ಮತ್ತೆ ಅದೇ 85 ಬರುತ್ತದೆ. ಶನಿವಾರ ರಾತ್ರಿ ಮೂರಕ್ಕೆ "ರ‍್ಯಾಕ್ ಮೇಲ್ಭಾಗ 85 ಡಿಗ್ರಿ" ಎಂಬ ಸಂದೇಶ ನೋಡಿ ಬೈಕ್ ಹತ್ತಿ ಓಡಿದೆ. ಕೋಣೆ ತಣ್ಣಗಿತ್ತು. ಎರಡನೆಯದು ಸೊನ್ನೆ. ಹಳದಿ ತಂತಿ ನೆಲಕ್ಕೆ ತಾಗಿದರೆ ಬರುವ ಎಲ್ಲ ಬೈಟುಗಳೂ ಸೊನ್ನೆಯೇ. ಸೊನ್ನೆಗಳ ತಾಳೆ ಮೊತ್ತವೂ (ಚೆಕ್‌ಸಮ್) ಸೊನ್ನೆಯೇ ಆದ್ದರಿಂದ, ಪರೀಕ್ಷೆಯಲ್ಲಿ "ಸರಿ" ಎಂದೇ ತೇರ್ಗಡೆಯಾಗಿ 0 ಡಿಗ್ರಿ ಎಂದು ತೋರಿಸುತ್ತದೆ. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಹಿಮ ಬಿದ್ದ ಏಕೈಕ ದಾಖಲೆ ನನ್ನ ಡೇಟಾಬೇಸಿನಲ್ಲಿದೆ. ಈಗ ಸ್ಕ್ರಿಪ್ಟ್ ಸರಿಯಾಗಿ 85 ಮತ್ತು ಸರಿಯಾಗಿ 0 ಇವೆರಡನ್ನೂ ಅಳತೆಯೆಂದು ಕಳಿಸುವುದಿಲ್ಲ, ದೋಷವೆಂದು ಕಳಿಸುತ್ತದೆ.

ಸೆನ್ಸರನ್ನು ಎಲ್ಲಿಡಬೇಕೆಂಬುದರಲ್ಲೂ ಎಡವಿದೆ. ಮೊದಲು ರ‍್ಯಾಕಿನ ಪಕ್ಕದ ತಗಡಿಗೆ ಟೇಪ್ ಹಚ್ಚಿ ಅಂಟಿಸಿದ್ದೆ. ಅದು ತಗಡಿನ ಉಷ್ಣತೆಯನ್ನು ಅಳೆಯುತ್ತಿತ್ತೇ ಹೊರತು ಗಾಳಿಯದ್ದನ್ನಲ್ಲ, ಬದಲಾವಣೆ ತೋರಿಸಲು ಹತ್ತು ನಿಮಿಷ ತೆಗೆದುಕೊಳ್ಳುತ್ತಿತ್ತು. ಈಗ ಎರಡು ಸೆನ್ಸರುಗಳು ಮುಂಭಾಗದಲ್ಲಿ ಮೇಲೆ ಮತ್ತು ಕೆಳಗೆ, ಗಾಳಿಯಲ್ಲಿ ತೂಗುವಂತೆ ಇವೆ. ಉಳಿದ ಎರಡು ಎಸಿಗಳ ಗಾಳಿ ಹೊರಬರುವ ಬಾಯಿಯಲ್ಲೇ ಇವೆ. ಬಾಗಿಲಿಗೆ 40 ರೂ.ನ ಕಾಂತದ ಸ್ವಿಚ್ ಕೂಡ ಹಾಕಿದೆ. ಅದರಿಂದ ಏನು ಉಪಯೋಗವೆಂದು ಆಗ ನನಗೇ ಖಚಿತವಿರಲಿಲ್ಲ.

ಮೇ 2, ಶುಕ್ರವಾರ: ಯುಪಿಎಸ್

ಯುಪಿಎಸ್‌ಗೆ ನೆಟ್‌ವರ್ಕ್ ಕಾರ್ಡ್ ಹಾಕಿಸಲು ಕೇಳಿದ ಬೆಲೆ ನಮ್ಮ ಇಡೀ ಯೋಜನೆಗಿಂತ ಹೆಚ್ಚಿತ್ತು. ಹಿಂಬದಿಯಲ್ಲಿ ಹಳೆಯ ಸೀರಿಯಲ್ ಪೋರ್ಟು ಇತ್ತು. 350 ರೂ.ನ ಯುಎಸ್‌ಬಿ ಪರಿವರ್ತಕದಿಂದ ಅದನ್ನು ಪೈಗೆ ಸೇರಿಸಿ, ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಮೆಗಾಟೆಕ್ ಭಾಷೆಯ ಚಾಲಕವನ್ನು ಆರಿಸಿದೆ. ಕ್ಯೂ1 ಎಂದು ಕೇಳಿದರೆ ಒಂದೇ ಸಾಲಿನಲ್ಲಿ ಒಳ ವೋಲ್ಟೇಜು, ಹೊರ ವೋಲ್ಟೇಜು, ಹೊರೆಯ ಶೇಕಡಾವಾರು, ಆವರ್ತನ, ಬ್ಯಾಟರಿ, ಉಷ್ಣತೆ ಎಲ್ಲವನ್ನೂ ಹೇಳಿಬಿಡುವ ಸರಳ ಭಾಷೆ ಅದು.

ನಮ್ಮಲ್ಲಿ 12 ವೋಲ್ಟಿನ 16 ಬ್ಯಾಟರಿಗಳಿವೆ, ಒಟ್ಟು 192 ವೋಲ್ಟ್. 180ಕ್ಕಿಂತ ಕೆಳಗೆ ಬಂದರೆ ಎಚ್ಚರಿಸು ಎಂದು ಬರೆದು ಊಟಕ್ಕೆ ಹೋದೆ. ಮರಳಿ ಬಂದಾಗ 40 ಸಂದೇಶಗಳು ಕಾದಿದ್ದವು: ಬ್ಯಾಟರಿ 2.27 ವೋಲ್ಟ್. ಆನ್‌ಲೈನ್ ಯುಪಿಎಸ್‌ಗಳು ಈ ಭಾಷೆಯಲ್ಲಿ ಒಂದು ಕೋಶದ ವೋಲ್ಟೇಜನ್ನು ಹೇಳುತ್ತವೆ. ಒಂದು ಬ್ಯಾಟರಿಯಲ್ಲಿ 6 ಕೋಶ, 16 ಬ್ಯಾಟರಿಗೆ 96. ಆ ಸಂಖ್ಯೆಯನ್ನು ಸಂರಚನೆಯಲ್ಲಿ ಕೊಟ್ಟ ಮೇಲೆ 217.9 ಎಂಬ ಸರಿಯಾದ ಅಂಕಿ ಬಂದಿತು. ಮಾರನೆಯ ದಿನ ಪೈ ಮರುಚಾಲನೆಯಾದಾಗ ಪರಿವರ್ತಕದ ಹೆಸರು ಸೊನ್ನೆಯಿಂದ ಒಂದಕ್ಕೆ ಬದಲಾಗಿ ಸಂಪರ್ಕ ಕಡಿಯಿತು. ಯಂತ್ರದ ಗುರುತಿಗೆ ಅಂಟಿಕೊಂಡ ಸ್ಥಿರ ಹೆಸರನ್ನು ಬಳಸಿ ಅದನ್ನು ಸರಿಪಡಿಸಿದೆ.

ಮೇ 3ರಿಂದ 9: ಸಂದೇಶಗಳ ನೆರೆ

ಈ ವಾರದ ಬಗ್ಗೆ ಬರೆಯಲು ಮನಸ್ಸಿಲ್ಲ, ಆದರೂ ಬರೆಯಬೇಕು. ಟೆಂಪ್ಲೇಟುಗಳು ತಂದ ಎಲ್ಲ ಎಚ್ಚರಿಕೆಗಳನ್ನೂ ಟೆಲಿಗ್ರಾಂ ಗುಂಪಿಗೆ ತಿರುಗಿಸಿದ್ದೆ. ಆರು ದಿನಗಳಲ್ಲಿ 312 ಸಂದೇಶಗಳು ಬಂದವು. ಪ್ರೊಸೆಸರ್ ಒಂದು ನಿಮಿಷ ದುಡಿದರೆ ಒಂದು, ವಿದ್ಯಾರ್ಥಿ ಲ್ಯಾಬಿನ ಪೋರ್ಟು ಆರಿದರೆ ಒಂದು, ಉಷ್ಣತೆ 27ರ ಗೆರೆಯ ಆಚೀಚೆ ಆಡಿದರೆ ಹೋಗುವಾಗ ಒಂದು, ಬರುವಾಗ ಒಂದು. ಗುರುವಾರ ರಾತ್ರಿ ಗುಂಪನ್ನು ಮೌನಕ್ಕೆ ಹಾಕಿ ಮಲಗಿದೆ. ಶುಕ್ರವಾರ ಬೆಳಗಿನ ಜಾವ ಯುಪಿಎಸ್ 40 ನಿಮಿಷ ಬ್ಯಾಟರಿಯ ಮೇಲೆ ನಡೆದಿತ್ತು. ವ್ಯವಸ್ಥೆ ನನಗೆ ಸರಿಯಾದ ಸಮಯಕ್ಕೆ ಹೇಳಿತ್ತು. ಕೇಳಿಸಿಕೊಳ್ಳುವವನ ಕಿವಿಯನ್ನು ನಾನೇ ಮುಚ್ಚಿದ್ದೆ.

ಅಂದು ಸಂಜೆ ಕುಳಿತು ಒಂದೊಂದನ್ನೂ ಕೇಳಿಕೊಂಡೆ: ಇದಕ್ಕಾಗಿ ರಾತ್ರಿ ಎರಡಕ್ಕೆ ಎದ್ದು ಏನಾದರೂ ಮಾಡುತ್ತೇನೆಯೇ? ಇಲ್ಲವೆಂದಾದರೆ ಅದು ನಕ್ಷೆಯಲ್ಲಿ ಇರಲಿ, ಫೋನಿಗೆ ಬರಬಾರದು. 168 ಅಳತೆಗಳಲ್ಲಿ ಎಬ್ಬಿಸುವ ಹಕ್ಕು ಉಳಿದದ್ದು 9ಕ್ಕೆ. ಉಷ್ಣತೆಗೆ ಎರಡು ಗೆರೆಗಳನ್ನು ಎಳೆದೆ: ಸತತ ಐದು ನಿಮಿಷ 30ರ ಮೇಲಿದ್ದರೆ ಎಚ್ಚರಿಕೆ, 27ರ ಕೆಳಗೆ ಬಂದರೆ ಮಾತ್ರ ನಿವಾರಣೆ. 27 ಡಿಗ್ರಿ ಎಂಬುದು ಹವಾನಿಯಂತ್ರಣ ಎಂಜಿನಿಯರುಗಳ ಆಶ್ರೇ ಸಂಸ್ಥೆ ಸರ್ವರ್ ಕೋಣೆಗಳಿಗೆ ಶಿಫಾರಸು ಮಾಡುವ 18ರಿಂದ 27ರ ವ್ಯಾಪ್ತಿಯ ಮೇಲ್ತುದಿ.

ಮೇ 11, ಭಾನುವಾರ: ಬೇಕೆಂದೇ ಎಸಿ ಆರಿಸಿದ್ದು

ಮಧ್ಯಾಹ್ನ ಮೂರಕ್ಕೆ ಎರಡೂ ಎಸಿಗಳನ್ನು ಆರಿಸಿ, ಗಡಿಯಾರ ಹಿಡಿದು ಬಾಗಿಲ ಹೊರಗೆ ಕುಳಿತೆ. 24.5ರಿಂದ 30 ಡಿಗ್ರಿಗೆ ಏರಲು ಕೋಣೆಗೆ ಬೇಕಾದದ್ದು 11 ನಿಮಿಷ. 35 ತಲುಪಿದ್ದು 26ನೆಯ ನಿಮಿಷಕ್ಕೆ. ನಾನು ಎರಡು ಮೂರು ಗಂಟೆಯಾದರೂ ಸಿಗುತ್ತದೆ ಎಂದು ಎಣಿಸಿದ್ದೆ. ಎಸಿಯ ಬಾಯಿಯಲ್ಲಿದ್ದ ಸೆನ್ಸರ್ ಮಾತ್ರ ಮೂರೇ ನಿಮಿಷದಲ್ಲಿ 14ರಿಂದ 20 ದಾಟಿತ್ತು. ಎಚ್ಚರಿಕೆಗೆ ನಂಬಬೇಕಾದದ್ದು ಅದನ್ನೇ ಎಂದು ಗೊತ್ತಾಯಿತು. ಆದರೆ ಕೋಣೆ ತಣ್ಣಗಾದಾಗ ಕಂಪ್ರೆಸರ್ ತಾನಾಗಿ ನಿಂತು ಆ ಬಾಯಿಯ ಗಾಳಿ ಆಗಾಗ ಬೆಚ್ಚಗಾಗುವುದರಿಂದ, ಹದಿನೈದು ನಿಮಿಷದ ಕನಿಷ್ಠ ಅಂಕಿ 20ರ ಮೇಲಿದ್ದರೆ ಎಚ್ಚರಿಸು ಎಂಬ ನಿಯಮ ಹಾಕಿದೆ. ಕರೆಂಟೇ ಇಲ್ಲದಾಗ ಎಬ್ಬಿಸಿ ಪ್ರಯೋಜನವಿಲ್ಲ, ಆದ್ದರಿಂದ ಯುಪಿಎಸ್‌ಗೆ ಹತ್ತು ನಿಮಿಷದಿಂದ ಹೊರಗಿನ ವಿದ್ಯುತ್ ಬರುತ್ತಿದ್ದರೂ ಗಾಳಿ ಬಿಸಿಯಾಗಿದ್ದರೆ ಮಾತ್ರ ಕೂಗು ಎಂದು ಎರಡನ್ನೂ ಬೆಸೆದೆ.

ಪರೀಕ್ಷೆಯ ಕೊನೆಯಲ್ಲಿ, 35 ದಾಟಿದಾಗ ಕಡಿಮೆ ಮಹತ್ವದ ಸರ್ವರನ್ನು ತಾನಾಗಿ ಆರಿಸುವ ಸ್ಕ್ರಿಪ್ಟ್ ಓಡಿತು. ಅದು ಆರಿಸಿದ್ದು ಮೊದಲನೆಯ ಆರ್730ಯನ್ನು. ಝ್ಯಾಬಿಕ್ಸ್ ಇದ್ದದ್ದೂ ಅದರ ಮೇಲೆಯೇ. ಕಾವಲುಗಾರನನ್ನು ಕಾಯಬೇಕಾದ ಮನೆಯ ಒಳಗೇ ಕೂಡಿಹಾಕಿ ಬೆಂಕಿ ಹಚ್ಚಿದಂತಾಯಿತು. ಆ ರಾತ್ರಿಯೇ ಅದನ್ನು ಹಳೆಯ ಟವರಿಗೆ ಸ್ಥಳಾಂತರಿಸಿದೆ.

ಮೇ 20, ಮಂಗಳವಾರ: 24.8

ಬೆಳಿಗ್ಗೆ ಚಹಾ ಕುಡಿಯುತ್ತ ನಕ್ಷೆ ನೋಡುತ್ತಿದ್ದೆ. ರ‍್ಯಾಕಿನ ಮುಂಭಾಗದ ಉಷ್ಣತೆ 24.8. ಬಹಳ ಒಳ್ಳೆಯ ಅಂಕಿ. ಮೌಸನ್ನು ಹಿಂದಕ್ಕೆ ಎಳೆದೆ, ಸೋಮವಾರ ಮಧ್ಯಾಹ್ನವೂ 24.8. ಭಾನುವಾರ ರಾತ್ರಿಯೂ 24.8. ಉಳಿದ ದಿನಗಳ ಗೆರೆ ಕಂಪ್ರೆಸರಿನ ಉಸಿರಿನಂತೆ ಏರಿಳಿಯುತ್ತಿದ್ದರೆ, ಇದು ಭಾನುವಾರ ಸಂಜೆ ಆರರಿಂದ ಅಳತೆಪಟ್ಟಿ ಇಟ್ಟು ಎಳೆದಂತೆ ಕದಲದೆ ಮಲಗಿತ್ತು.

ಪೈಯ ಮೆಮೊರಿ ಕಾರ್ಡ್ ಕೆಟ್ಟು ಓದಲು ಮಾತ್ರ ಎಂಬ ಸ್ಥಿತಿಗೆ ಹೋಗಿತ್ತು. ನಾನು ಬರೆದಿದ್ದ ಏರ್ಪಾಡಿನಲ್ಲಿ ಒಂದು ಸ್ಕ್ರಿಪ್ಟ್ ಸೆನ್ಸರನ್ನು ಓದಿ ಕಡತದಲ್ಲಿ ಬರೆಯುತ್ತಿತ್ತು, ಇನ್ನೊಂದು ಆ ಕಡತವನ್ನು ಓದಿ ಝ್ಯಾಬಿಕ್ಸ್‌ಗೆ ಕಳಿಸುತ್ತಿತ್ತು. ಮೊದಲನೆಯದು ಬರೆಯಲಾಗದೆ ನಿಂತಿತು. ಎರಡನೆಯದು ಕೊನೆಯ ಅಂಕಿಯನ್ನೇ ನಿಷ್ಠೆಯಿಂದ ನಿಮಿಷಕ್ಕೊಮ್ಮೆ ಒಪ್ಪಿಸುತ್ತಲೇ ಇತ್ತು. ಆ ಮೂವತ್ತೆಂಟು ಗಂಟೆಗಳಲ್ಲಿ ಎಸಿ ನಿಂತಿದ್ದರೂ ಫಲಕದಲ್ಲಿ ಹಸಿರೇ ಇರುತ್ತಿತ್ತು. ಏಪ್ರಿಲ್‌ನಲ್ಲಿ ಸೆನ್ಸರ್ ಇಲ್ಲದೆ ಕೆಟ್ಟೆ, ಮೇ ತಿಂಗಳಲ್ಲಿ ಸೆನ್ಸರ್ ಇದೆಯೆಂಬ ಧೈರ್ಯದಿಂದ ಕೆಡುವವನಿದ್ದೆ. ಎರಡನೆಯದೇ ಹೆಚ್ಚು ಅಪಾಯದ್ದು ಎಂದು ನನಗೆ ಅನ್ನಿಸುತ್ತದೆ.

ತಿದ್ದುಪಡಿಗಳು ಇವು. ಎರಡು ಸ್ಕ್ರಿಪ್ಟುಗಳನ್ನು ಒಂದು ಮಾಡಿದೆ, ನಡುವೆ ಕಡತವೇ ಇಲ್ಲ. ಸೆನ್ಸರ್ ಉತ್ತರಿಸದಿದ್ದರೆ ಸ್ಕ್ರಿಪ್ಟ್ ಏನನ್ನೂ ಕಳಿಸುವುದಿಲ್ಲ. ಹತ್ತು ನಿಮಿಷ ಅಂಕಿ ಬರದಿದ್ದರೆ ಅದನ್ನೇ ದೊಡ್ಡ ಎಚ್ಚರಿಕೆಯಾಗಿ ಎಣಿಸುವ ಟ್ರಿಗರನ್ನು ಆ ಒಂಬತ್ತೂ ಅಳತೆಗಳಿಗೆ ಹಾಕಿದೆ. ಆರು ಗಂಟೆಯಲ್ಲಿ ಗರಿಷ್ಠ ಮತ್ತು ಕನಿಷ್ಠ ಎರಡೂ ಒಂದೇ ಆಗಿದ್ದರೆ ಅದಕ್ಕೂ ಒಂದು ಎಚ್ಚರಿಕೆ. ಪೈ ಝ್ಯಾಬಿಕ್ಸ್ ಯಂತ್ರವನ್ನು ನೋಡಿಕೊಳ್ಳುತ್ತದೆ, ಝ್ಯಾಬಿಕ್ಸ್ ಪೈಯನ್ನು ನೋಡಿಕೊಳ್ಳುತ್ತದೆ. ಒಂದು ಸುಮ್ಮನಾದರೆ ಇನ್ನೊಂದು ದೂರು ಹೇಳುತ್ತದೆ. 450 ರೂ. ಕೊಟ್ಟು ಸತತ ಬರವಣಿಗೆಯನ್ನು ತಾಳುವ ಕಾರ್ಡನ್ನು ಹಾಕಿದೆ.

ಮೇ 25, ಭಾನುವಾರ: ಮಿಸ್ಡ್ ಕಾಲ್

ಇಂಟರ್ನೆಟ್ ಇಲ್ಲದಿದ್ದರೆ ಟೆಲಿಗ್ರಾಂ ಇಲ್ಲ. ಎಸ್‌ಎಂಎಸ್ ಸೇವೆ ಕೊಡುವ ಕಂಪನಿಗಳ ಮೂಲಕ ಕಳಿಸಬೇಕೆಂದರೆ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ನಿಯಮದಂತೆ ಸಂದೇಶ ಕಳಿಸುವವರ ಡಿಎಲ್‌ಟಿ ನೋಂದಣಿ, ಸಂದೇಶದ ಮಾದರಿಗೆ ಒಪ್ಪಿಗೆ ಎಂದು ಕಾಗದಪತ್ರ ಬೆಳೆಯುತ್ತದೆ. ಹಳೆಯ ಯುಎಸ್‌ಬಿ ಡಾಂಗಲ್ಲಿಗೆ ಒಂದು ಸಿಮ್ ಹಾಕಿ, ಗಮ್ಮು ಎಂಬ ಸಾಧನದಿಂದ ಪೈಯೇ ನೇರವಾಗಿ ಕಳಿಸುವಂತೆ ಮಾಡಿದೆ. ನನ್ನ ಮನೆ ಎಂಟು ಕಿಲೋಮೀಟರ್ ದೂರ. ಕಾವಲುಗಾರ ಕಾಕಾ ಐವತ್ತು ಹೆಜ್ಜೆ ದೂರದಲ್ಲಿರುತ್ತಾರೆ. ಅವರಿಗೆ ಕನ್ನಡದಲ್ಲೇ ಹೋಗಲೆಂದು "ಸರ್ವರ್ ಕೋಣೆ ಬಿಸಿಯಾಗಿದೆ, ಎಸಿ ಹಚ್ಚಿ" ಎಂದು ಬರೆದೆ. ಕನ್ನಡ ಲಿಪಿಯ ಸಂದೇಶಕ್ಕೆ 160ರ ಬದಲು 70 ಅಕ್ಷರಗಳ ಮಿತಿ ಇರುವುದರಿಂದ ಇದಕ್ಕಿಂತ ಹೆಚ್ಚು ಬೆಳೆಸಲಿಲ್ಲ.

ಪರೀಕ್ಷೆಗೆ ಕಳಿಸಿದ ಐದು ನಿಮಿಷಕ್ಕೆ ಅವರೇ ಬಂದರು. "ಸರ್, ಫೋನಿನ್ಯಾಗ ಬರೇ ಚೌಕ ಚೌಕ ಬಂದಾವ್ರೀ. ಏನ್ ಬರದೀರಿ ಅದ್ರಾಗ?" ಅವರ ಗುಂಡಿ ಫೋನಿನಲ್ಲಿ ಕನ್ನಡ ಅಕ್ಷರಗಳೇ ಇರಲಿಲ್ಲ. "ಹಂಗಾರ ಈ ನಂಬರಿನಿಂದ ಮಿಸ್ಡ್ ಕಾಲ್ ಬಂತಂದ್ರ ಎಸಿ ನೋಡ್ರಿ ಕಾಕಾ, ಎತ್ತೂದು ಬ್ಯಾಡ" ಎಂದೆ. ಗಮ್ಮುವಿಗೆ ಕರೆ ಮಾಡಲೂ ಬರುತ್ತದೆ. ಸಂದೇಶ ಕಳಿಸುವ ಸಾಲನ್ನು ಅಳಿಸಿ, ಇಪ್ಪತ್ತು ಸೆಕೆಂಡ್ ರಿಂಗ್ ಮಾಡಿ ಕಡಿಯುವ ಸಾಲನ್ನು ಬರೆದೆ. ಅವರ ಫೋನಿನಲ್ಲಿ ಆ ಸಂಖ್ಯೆಗೆ ಬೇರೆ ರಿಂಗ್‌ಟೋನ್ ಇಟ್ಟೆ. ಕೋಣೆಯ ಎರಡನೆಯ ಕೀಲಿಯನ್ನು ಪ್ರಾಂಶುಪಾಲರ ಲಿಖಿತ ಒಪ್ಪಿಗೆ ಪಡೆದು ಅವರಿಗೆ ಒಪ್ಪಿಸಿದೆ.

ಇಲ್ಲಿಯವರೆಗಿನ ಖರ್ಚು: ಉಷ್ಣತೆಯ ಸೆನ್ಸರುಗಳು 480, ಬಾಗಿಲ ಸ್ವಿಚ್ 40, ರೆಸಿಸ್ಟರ್ ಮತ್ತು ಬೆಸುಗೆ ಸಾಮಾನು 90, ಪರಿವರ್ತಕ 350, ಕಾರ್ಡ್ 450, ಸಿಮ್ ರೀಚಾರ್ಜ್ 199. ಒಟ್ಟು 1,609 ರೂ. ಡಿಸ್ಕಿನ 6,500 ಬೇರೆ. ಎಸಿಗಳ ಪೈಕಿ ಹೊಸದರಲ್ಲಿ ಕರೆಂಟು ಬಂದಾಗ ತಾನಾಗಿ ಚಾಲೂ ಆಗುವ ಸೌಲಭ್ಯವಿತ್ತು, ಯಾರೋ ಅದನ್ನು ಆರಿಸಿಟ್ಟಿದ್ದರು. ತಂತ್ರಜ್ಞರು ಬಂದು ಹತ್ತು ನಿಮಿಷದಲ್ಲಿ ಅದನ್ನು ಸರಿಮಾಡಿಕೊಟ್ಟರು. ಹಳೆಯದರಲ್ಲಿ ಆ ಸೌಲಭ್ಯವೇ ಇಲ್ಲ.

ಜೂನ್ 6, ಶುಕ್ರವಾರ

ನಿನ್ನೆ ರಾತ್ರಿ ಗಾಳಿ ಮಳೆ ಜೋರಾಗಿತ್ತು. ಹೊಸ ಎಸಿ ರಿಪೇರಿಗೆ ಹೋಗಿದ್ದರಿಂದ ಹಳೆಯದೊಂದೇ ನಡೆಯುತ್ತಿತ್ತು. ನನ್ನ ಫೋನ್ ಚಾರ್ಜ್ ಮುಗಿದು ಆರಿತ್ತು, ನಾನು ನಿದ್ದೆಯಲ್ಲಿದ್ದೆ. ಬೆಳಿಗ್ಗೆ ನಕ್ಷೆಗಳನ್ನು ಒಂದರ ಕೆಳಗೊಂದು ಇಟ್ಟು ಓದಿದ್ದು ಹೀಗಿದೆ: 1:52ಕ್ಕೆ ಯುಪಿಎಸ್ ಬ್ಯಾಟರಿಗೆ ಹೋಗಿದೆ. 2:04ಕ್ಕೆ ಕರೆಂಟು ಮರಳಿದೆ, ಎಸಿಯ ಬಾಯಿಯ ಗಾಳಿ ಮಾತ್ರ 27ರಲ್ಲೇ ಇದೆ. 2:14ಕ್ಕೆ ಪೈ ಕರೆ ಮಾಡಿದೆ. 2:22ಕ್ಕೆ ಬಾಗಿಲ ಸ್ವಿಚ್ ತೆರೆದಿದೆ. 2:27ರಿಂದ ಬಾಯಿಯ ಉಷ್ಣತೆ ಇಳಿಯತೊಡಗಿದೆ. ರ‍್ಯಾಕಿನ ಮುಂಭಾಗ ಮುಟ್ಟಿದ ಗರಿಷ್ಠ 32.6.

ಬಾಗಿಲು ತೆರೆದ ಮೇಲೆ ಗಾಳಿ ತಣ್ಣಗಾಗಲು ಐದು ನಿಮಿಷ ಏಕೆ ಹಿಡಿಯಿತೆಂದು ಕಾಕಾನನ್ನು ಕೇಳಿದೆ. ರಿಮೋಟ್ ಸಿಗಲಿಲ್ಲವಂತೆ, ಅದು ನನ್ನ ಮೇಜಿನ ಖಾನೆಯಲ್ಲಿ ಕಾಗದಗಳ ಅಡಿಯಲ್ಲಿತ್ತು. ಕೋಣೆಗೆ ಹೋಗಿ ನೋಡಿದೆ. ಬಾಗಿಲ ಒಳಬದಿಯ ಮೊಳೆಗೆ ಸುತಳಿ ಕಟ್ಟಿ ಅವರು ರಿಮೋಟನ್ನು ನೇತುಹಾಕಿದ್ದರು.